135 ಸಾಲದಂತೆ, 150 ಬೇಕಂತೆ! ಈ ಲೆಕ್ಕದಲ್ಲಿ ಕನ್ನಡಿಗ ಎಲ್ಲಿದ್ದಾನೆ?



ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಮ್ಮ ರಾಜಕಾರಣಿಗಳನ್ನು ಮೀರಿಸುವವರಿಲ್ಲ. 16ನೇ ವಿಧಾನಸಭೆಯ ಅವಧಿ ಮುಗಿಯುವುದು 2028ರ ಮೇ ತಿಂಗಳಿಗೆ. ಆದರೆ ಕುಲಾವಿಗೆ ಅಳತೆ ತೆಗೆಯುವ ಕೆಲಸ 2023ರ ಮೇ 13ರಂದೇ, ಮತ ಎಣಿಕೆಯ ಮೇಜುಗಳನ್ನು ಎತ್ತಿಡುವ ಮೊದಲೇ ಶುರುವಾಯಿತು. 224ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ಸಿಗೆ ಮುಂದಿನ ಸಲವೂ ನಾವೇ, ಇದಕ್ಕಿಂತಲೂ ಹೆಚ್ಚು ಎಂಬ ಹುಮ್ಮಸ್ಸು. 66ಕ್ಕೆ ಇಳಿದ ಬಿಜೆಪಿಗೆ ಇನ್ನೊಂದು ಸಲ ಬಿಟ್ಟುಕೊಡುವುದಿಲ್ಲ ಎಂಬ ಹಠ. 19ಕ್ಕೆ ಕುಗ್ಗಿದ ಜೆಡಿಎಸ್‌ಗೆ ಯಾರ ಹೆಗಲ ಮೇಲಾದರೂ ಸರಿ, ಸವಾರಿ ತಪ್ಪಬಾರದು ಎಂಬ ಆಸೆ.

ದೊಡ್ಡ ಪಕ್ಷಗಳೆರಡರ ಬಾಯಲ್ಲೂ ಒಂದೇ ಮಂತ್ರ: 150! 2018ರಲ್ಲಿ ಬಿಜೆಪಿ ಇದೇ 150ರ ಜಪ ಮಾಡಿತು. ಸಿಕ್ಕಿದ್ದು 104. 2023ರಲ್ಲಿ ಎರಡೂ ಕಡೆಯವರು 150 ಎಂದರು. ಒಬ್ಬರು 135ಕ್ಕೆ ನಿಂತರು, ಇನ್ನೊಬ್ಬರು 66ಕ್ಕೆ ಬಿದ್ದರು. 1989ರ ಚುನಾವಣೆಯ ನಂತರ ಈ ನಾಡಿನಲ್ಲಿ ಯಾವ ಪಕ್ಷವೂ 150ರ ಗಡಿ ಮುಟ್ಟಿಲ್ಲ. ಆದರೂ ಜಪ ನಿಂತಿಲ್ಲ!

ಇರಲಿ, ಅವರ ಕನಸು ಅವರಿಗೆ. ನಮ್ಮ ಪ್ರಶ್ನೆ ಬೇರೆ. ಪಕ್ಷದ ಕಚೇರಿಯಲ್ಲಿ ಕೂತು ಈ ಲೆಕ್ಕ ಹಾಕುತ್ತಾರಲ್ಲ, ಆ ಕಾಗದದಲ್ಲಿ ಏನೇನಿರುತ್ತದೆ? ಲಿಂಗಾಯತರು ಇಷ್ಟು, ಒಕ್ಕಲಿಗರು ಇಷ್ಟು, ಕುರುಬರು ಇಷ್ಟು, ದಲಿತರಲ್ಲಿ ಎಡಗೈ ಇಷ್ಟು, ಬಲಗೈ ಇಷ್ಟು, ಮುಸ್ಲಿಮರು ಇಷ್ಟು. ಆಮೇಲೆ ಹಳೇ ಮೈಸೂರು, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ, ಕರಾವಳಿ. ಆಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳು, ಹೊರರಾಜ್ಯದವರ ಸಮಾಜಗಳು. ಯಾವ ಮಠಕ್ಕೆ ಹೋಗಬೇಕು, ಯಾವ ಸಮಾವೇಶಕ್ಕೆ ಹೂವಿನ ಹಾರ ಕಳಿಸಬೇಕು, ಎಲ್ಲವೂ ಅದರಲ್ಲಿ ಬರೆದಿರುತ್ತದೆ.

ಆ ಕಾಗದದಲ್ಲಿ ಇಲ್ಲದ ಹೆಸರು ಒಂದೇ ಒಂದು. ಕನ್ನಡಿಗ!

ಯಾಕಿಲ್ಲ? ಅವನು ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ. ನವೆಂಬರ್ ಒಂದರಂದು ಕೊರಳಿಗೆ ಹಳದಿ ಕೆಂಪು ಶಾಲು ಹಾಕಿಕೊಂಡು ನಾಲ್ಕು ಮಾತಾಡಿದರೆ ಸಾಕು, ಅವನು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ ಎಂಬ ನಂಬಿಕೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾವು ಅವರ ಹಿತ್ತಲ ಗಿಡ.

ಗೆದ್ದು ಮೆರೆದವರೆಲ್ಲ ಏನಾದರು?

ಬಹುಮತ ಹೆಚ್ಚಿಸಿಕೊಳ್ಳುತ್ತೇವೆ ಎನ್ನುವವರು ಒಮ್ಮೆ ಹಳೆಯ ಕಡತ ತೆಗೆದು ನೋಡಲಿ. ನೀವೂ ನೋಡಿ ಗೆಳೆಯರೇ. ನಿಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಲ್ಲ.

1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ನೂರಾ ಎಪ್ಪತ್ತೆಂಟು! ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ಒಂದು ವರ್ಷ ತುಂಬುವಷ್ಟರಲ್ಲಿ, 1990ರಲ್ಲಿ, ದಿಲ್ಲಿಯಿಂದ ಬಂದ ನಾಯಕರು ವಿಮಾನ ನಿಲ್ದಾಣದಲ್ಲೇ ಅವರ ಬದಲಾವಣೆಯನ್ನು ಘೋಷಿಸಿ ಹೊರಟುಹೋದರು. ಆಮೇಲೆ ಬಂಗಾರಪ್ಪ, ಆಮೇಲೆ ಮೊಯ್ಲಿ. ಐದು ವರ್ಷಕ್ಕೆ ಮೂವರು. 1994ರಲ್ಲಿ ಜನ ಕೊಟ್ಟ ಉತ್ತರ 34. 178 ಎಲ್ಲಿ, 34 ಎಲ್ಲಿ!

1994ರಲ್ಲಿ ಜನತಾದಳಕ್ಕೆ 115. ದೇವೇಗೌಡರು 1996ರಲ್ಲಿ ಪ್ರಧಾನಿಯಾಗಿ ದಿಲ್ಲಿಗೆ ಹೋದರು, ಪಟೇಲರು ಬಂದರು, ದಳ ಒಡೆಯಿತು. 1999ರಲ್ಲಿ ಒಂದು ಹೋಳಿಗೆ 18, ಇನ್ನೊಂದು ಹೋಳಿಗೆ 10. ಅದೇ ವರ್ಷ ಕಾಂಗ್ರೆಸ್ 132 ಗೆದ್ದಿತು. ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಬೆಂಗಳೂರಿನ ಹೆಸರು ಜಗತ್ತಿನ ತುಂಬ ಹರಡಿತು. 2004ರಲ್ಲಿ ಆ 132, 65 ಆಯಿತು. 2008ರಲ್ಲಿ ಬಿಜೆಪಿ 110. ಐದು ವರ್ಷಕ್ಕೆ ಇವರದೂ ಮೂವರು ಮುಖ್ಯಮಂತ್ರಿಗಳು. 2013ರಲ್ಲಿ 40. ಆ ಸಲ ಕಾಂಗ್ರೆಸ್ 122, 2018ರಲ್ಲಿ 80. ಬಿಜೆಪಿ 2018ರಲ್ಲಿ 104, 2023ರಲ್ಲಿ 66.

ಏನು ಕಾಣುತ್ತದೆ? 1985ರ ಚುನಾವಣೆಯ ನಂತರ ಆಳುವ ಪಕ್ಷವೊಂದು ತನ್ನ ಬಲದಿಂದಲೇ ಬಹುಮತ ಪಡೆದು ಮರಳಿ ಬಂದದ್ದೇ ಇಲ್ಲ! ಬಹುಮತ ಹೆಚ್ಚಿಸುವ ಮಾತು ಹಾಗಿರಲಿ, ಇದ್ದದ್ದನ್ನು ಉಳಿಸಿಕೊಂಡವರೂ ಇಲ್ಲ. ಈ ನಾಡಿನ ಮತದಾರ ಯಾರನ್ನು ಹೆಗಲ ಮೇಲೆ ಕೂರಿಸಿಕೊಂಡನೋ ಅವರನ್ನೇ ಐದು ವರ್ಷಕ್ಕೆ ಇಳಿಸಿದ್ದಾನೆ. ಇಂಥ ನಾಡಿನಲ್ಲಿ 135 ಹೋಗಿ 150 ಆಗಬೇಕೆಂದರೆ ಏನಾದರೂ ದೊಡ್ಡದು ನಡೆದಿರಬೇಕು. ಏನು ನಡೆದಿದೆ, ಹೇಳಲಿ.

ಅವರು ಗ್ಯಾರಂಟಿಗಳನ್ನು ತೋರಿಸುತ್ತಾರೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಇದನ್ನು ಹೀಯಾಳಿಸುವ ದೊಡ್ಡಸ್ತಿಕೆ ನಮಗಿಲ್ಲ. ಬಡವರ ಮನೆಯ ಒಲೆ ಉರಿಯುವುದನ್ನು ಕಂಡು ಹೊಟ್ಟೆ ಉರಿದುಕೊಳ್ಳುವವನು ಕನ್ನಡಿಗನಲ್ಲ. ಆದರೆ ಗ್ಯಾರಂಟಿ ಕೊಟ್ಟ ಒಂದೇ ವರ್ಷಕ್ಕೆ, 2024ರ ಲೋಕಸಭಾ ಚುನಾವಣೆಯಲ್ಲಿ, 28ರಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 9. ಬಿಜೆಪಿಗೆ 17, ಅದರ ಜೊತೆ ಸೇರಿದ ಜೆಡಿಎಸ್‌ಗೆ 2. ಅದೇ ವರ್ಷದ ನವೆಂಬರ್‌ನಲ್ಲಿ ಸಂಡೂರು, ಶಿಗ್ಗಾವಿ, ಚನ್ನಪಟ್ಟಣದ ಉಪಚುನಾವಣೆಗಳಲ್ಲಿ ಮೂರನ್ನೂ ಕಾಂಗ್ರೆಸ್ ಗೆದ್ದಿತು. ಅಂದರೆ ಜನ ತೂಗಿ ನೋಡುತ್ತಿದ್ದಾರೆ. ಯಾರ ಜೇಬಿನಲ್ಲೂ ಇಲ್ಲ.

ಒಂದೇ ಒಂದು ಸಲ ಯಾಕೆ ಸಾಧ್ಯವಾಯಿತು?

1985ರ ಮಾತು ಹೇಳಿದೆವು. ಆ ಕಥೆ ನಿಮಗೆ ಗೊತ್ತಿರಬೇಕು. ಅದರ ಬೇರು ಕನ್ನಡದಲ್ಲಿದೆ.

1981ರಲ್ಲಿ ವಿ.ಕೃ. ಗೋಕಾಕರ ಸಮಿತಿ ವರದಿ ಕೊಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಿರಲಿ ಎಂದಿತು. ಗುಂಡೂರಾವ್ ಸರ್ಕಾರ ಮೀನಮೇಷ ಎಣಿಸಿತು. ಸಾಹಿತಿಗಳು ಬೀದಿಗೆ ಬಂದರು, ವಿದ್ಯಾರ್ಥಿಗಳು ಬಂದರು. 1982ರಲ್ಲಿ ಡಾ. ರಾಜ್‌ಕುಮಾರ್ ಬಂದರು. ಆಮೇಲೆ ಬಂದದ್ದು ಜನಸಾಗರ. ಅದಕ್ಕೂ ಮೊದಲು, 1980ರಲ್ಲಿ, ನರಗುಂದ ನವಲಗುಂದದ ರೈತರ ಮೇಲೆ ಗುಂಡು ಹಾರಿತ್ತು. ರೈತನ ಸಿಟ್ಟು, ಕನ್ನಡಿಗನ ಸಿಟ್ಟು ಎರಡೂ ಒಂದೇ ಮತಪೆಟ್ಟಿಗೆಗೆ ಬಿದ್ದವು. 1983ರ ಜನವರಿಯಲ್ಲಿ ಕಾಂಗ್ರೆಸ್ 82ಕ್ಕೆ ಇಳಿಯಿತು. ಮುಖ್ಯಮಂತ್ರಿ ತಮ್ಮ ಕ್ಷೇತ್ರದಲ್ಲೇ ಸೋತರು. ಈ ನಾಡಿನಲ್ಲಿ ಮೊಟ್ಟಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು.

ಆ ಸರ್ಕಾರಕ್ಕೆ ಬಹುಮತವಿರಲಿಲ್ಲ. ಜನತಾ ಪಕ್ಷಕ್ಕೆ ಇದ್ದದ್ದು 95. ಹೊರಗಿನವರ ಬೆಂಬಲದ ಮೇಲೆ ನಿಂತ ಸರ್ಕಾರ. ಆದರೆ ಬೆನ್ನಿಗೆ ಬಿದ್ದ ಏಟಿನ ನೆನಪು ಹಸಿಯಾಗಿತ್ತು. ಅದೇ ಸರ್ಕಾರ ಸರೋಜಿನಿ ಮಹಿಷಿಯವರ ಸಮಿತಿ ನೇಮಿಸಿತು. ಅಧಿಕಾರವನ್ನು ಜಿಲ್ಲೆಗಳಿಗೆ ಹಂಚುವ ಕಾನೂನು ಮಾಡಿತು. ನಜೀರ್ ಸಾಬರು ಹಳ್ಳಿಹಳ್ಳಿಗೆ ಕುಡಿಯುವ ನೀರು ಕೊಟ್ಟು ನೀರ್ ಸಾಬ್ ಎನಿಸಿಕೊಂಡರು. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 28ರಲ್ಲಿ 24 ಬಂತು. ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ, ಎರಡೂವರೆ ತಿಂಗಳೂ ಕಳೆದಿರಲಿಲ್ಲ, ಜನತಾ ಪಕ್ಷಕ್ಕೆ 139 ಕೊಟ್ಟರು!

ನೋಡಿದಿರಾ? ದಿಲ್ಲಿಗೆ ಒಂದು ಮತ, ಕರ್ನಾಟಕಕ್ಕೆ ಇನ್ನೊಂದು ಮತ. ನಮ್ಮ ಹಿರಿಯರು ಅಷ್ಟು ಜಾಣರಾಗಿದ್ದರು. ಆಳುವ ಪಕ್ಷ ಬೆಳೆದದ್ದು ಆ ಒಂದು ಸಲ. ಜನ ಮೊದಲು ಬೀದಿಯಲ್ಲಿ ಹೆದರಿಸಿದ್ದರು, ಆಮೇಲೆ ಮತದಿಂದ ಹರಸಿದರು. ಮುಂದೆ ಅದೇ ಪಕ್ಷ ಒಳಜಗಳದಲ್ಲಿ ಮೈಮರೆತಾಗ 1989ರಲ್ಲಿ ಜನತಾದಳವನ್ನು 24ಕ್ಕೆ ಇಳಿಸಿದ್ದೂ ಇದೇ ಜನ.

ಪಕ್ಕದ ಮನೆಯನ್ನೂ ನೋಡಿ. ತಮಿಳುನಾಡಿನಲ್ಲಿ 1965ರಲ್ಲಿ ಹಿಂದಿ ಹೇರಿಕೆಯ ವಿರುದ್ಧ ವಿದ್ಯಾರ್ಥಿಗಳು ಎದ್ದರು. 1967ರಲ್ಲಿ ಡಿಎಂಕೆ 137 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂತು. 1968ರಲ್ಲಿ ಎರಡೇ ಭಾಷೆ ಸಾಕು ಎಂದು ಶಾಸನಸಭೆಯಲ್ಲಿ ನಿರ್ಣಯ ಮಾಡಿತು. 1971ರಲ್ಲಿ ಅದೇ ಪಕ್ಷಕ್ಕೆ 184! ಅದೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಆಮೇಲೆ ಅಲ್ಲಿ ಯಾವ ಪಕ್ಷ ಬಂದರೂ ಆ ಎರಡು ಭಾಷೆಯ ನಿಯಮಕ್ಕೆ ಕೈ ಹಚ್ಚುವ ಧೈರ್ಯ ಮಾಡಲಿಲ್ಲ. ಯಾಕೆಂದರೆ ಅಲ್ಲಿ ಭಾಷೆಯ ಮತಕ್ಕೆ ತೂಕವಿದೆ. ಇಲ್ಲಿ ನಮ್ಮ ಮತಕ್ಕೆ ಶಾಲು ಇದೆ.

ನೂರಕ್ಕೆ ಐದು!

ಈಗ ನಿಜವಾದ ಲೆಕ್ಕಕ್ಕೆ ಬನ್ನಿ. ಇದನ್ನು ಯಾವ ಪಕ್ಷದವರೂ ನಿಮಗೆ ಬಿಡಿಸಿ ಹೇಳುವುದಿಲ್ಲ.

2018ರಲ್ಲಿ ಕಾಂಗ್ರೆಸ್ಸಿಗೆ ಬಂದ ಮತ ನೂರಕ್ಕೆ 38. 2023ರಲ್ಲಿ ಸುಮಾರು 43. ಹೆಚ್ಚಿದ್ದು ನೂರಕ್ಕೆ ಐದು. ಆದರೆ ಸ್ಥಾನಗಳು 80ರಿಂದ 135ಕ್ಕೆ ಹಾರಿದವು. ಬಿಜೆಪಿಗೆ 2018ರಲ್ಲೂ ನೂರಕ್ಕೆ 36, 2023ರಲ್ಲೂ ನೂರಕ್ಕೆ 36. ಮತ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಸ್ಥಾನ ಮಾತ್ರ 104ರಿಂದ 66ಕ್ಕೆ ಕುಸಿಯಿತು. ಜೆಡಿಎಸ್ ನೂರಕ್ಕೆ 18ರಿಂದ 13ಕ್ಕೆ ಇಳಿಯಿತು. ಅಂದರೆ ನೂರು ಜನರಲ್ಲಿ ಐದು ಜನ ಸಾಲು ಬದಲಾಯಿಸಿ ನಿಂತರು, ವಿಧಾನಸೌಧದ ಕುರ್ಚಿಗಳೆಲ್ಲ ಅಡಿಮೇಲಾದವು!

ಇನ್ನೂ ಒಂದು ನೋಡಿ. 2008ರಲ್ಲಿ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಹೆಚ್ಚು ಮತ ಬಂದಿತ್ತು. ಸ್ಥಾನ ಮಾತ್ರ ಕಾಂಗ್ರೆಸ್ಸಿಗೆ 80, ಬಿಜೆಪಿಗೆ 110. 2018ರಲ್ಲೂ ಹಾಗೆಯೇ ಆಯಿತು. ಒಟ್ಟು ಮತ ಎಷ್ಟು ಎಂಬುದಕ್ಕಿಂತ ಆ ಮತ ಎಲ್ಲಿ ಬಿತ್ತು ಎಂಬುದೇ ಮುಖ್ಯ.

ಇದರ ಅರ್ಥವೇನು ಗೆಳೆಯರೇ? 150ರ ಕನಸು ಕಾಣುವವನಿಗೂ ನೂರಕ್ಕೆ ಐದು ಬೇಕು. 113 ಮುಟ್ಟಲು ಒದ್ದಾಡುವವನಿಗೂ ನೂರಕ್ಕೆ ಐದು ಬೇಕು. ಆ ಐದು ಯಾರು? ಇಂಥ ಜಾತಿಯ ಐದು, ಇಂಥ ಮಠದ ಐದು ಎಂದು ಅವರು ಹುಡುಕುತ್ತಿದ್ದಾರೆ. ಕನ್ನಡದ ಐದು ಎಂಬುದು ಇದೆಯೆಂದು ಅವರಿಗೆ ಗೊತ್ತೇ ಇಲ್ಲ. ಯಾಕೆಂದರೆ ನಾವು ಇದುವರೆಗೂ ಎಣಿಕೆಗೆ ಸಿಕ್ಕಿಲ್ಲ.

ಎರಡು ದಿನ ಬಾಳಿದ ಕನ್ನಡ ಪ್ರೇಮ

ಎಣಿಕೆಗೆ ಸಿಗದವರ ಗತಿ ಏನಾಗುತ್ತದೆ ಎಂಬುದಕ್ಕೆ 2024ರ ಜುಲೈ ತಿಂಗಳೇ ಸಾಕ್ಷಿ.

ಜುಲೈ 15ರಂದು ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ, ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ. ಸ್ಥಳೀಯ ಅಂದರೆ ಇಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವನು. ಪದವಿ ಮುಗಿಸಿ ಬಯೋಡೇಟಾ ಹಿಡಿದು ಓಡಾಡುತ್ತಿದ್ದ ಹುಡುಗ ಹುಡುಗಿಯರು ಒಂದು ಕ್ಷಣ ತಲೆ ಎತ್ತಿ ನೋಡಿದರು.

ಮಾರನೆಯ ದಿನ ಸಿ ಮತ್ತು ಡಿ ದರ್ಜೆಯಲ್ಲಿ ಶೇ. 100 ಎಂದು ಮುಖ್ಯಮಂತ್ರಿಗಳ ಜಾಲತಾಣದ ಖಾತೆಯಲ್ಲಿ ಸಾಲು ಬಂತು. ಆಮೇಲೆ ಆ ಸಾಲು ಅಳಿಸಿಹೋಯಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ಹೇಳಿಕೆ ಕೊಟ್ಟಿತು. ಆಂಧ್ರದ ಮಂತ್ರಿ, ನಮ್ಮಲ್ಲಿಗೆ ಬನ್ನಿ, ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕೈಬೀಸಿ ಕರೆದರು. ಜುಲೈ 17ರಂದು ಮಸೂದೆ ತಡೆಹಿಡಿಯಲಾಯಿತು! ಮೂರನೇ ಸೂರ್ಯನನ್ನು ಅದು ನೆಟ್ಟಗೆ ನೋಡಲಿಲ್ಲ.

ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಇರಬಹುದು. ಹರಿಯಾಣದ ಶೇ. 75ರ ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತು, ನಿಜ. ಹಾಗಾದರೆ ಇದು ಜುಲೈ 15ರಂದು ಗೊತ್ತಿರಲಿಲ್ಲವೇ? ಸರ್ಕಾರಕ್ಕೆ ಅಡ್ವೊಕೇಟ್ ಜನರಲ್ ಇಲ್ಲವೇ, ಕಾನೂನು ಇಲಾಖೆ ಇಲ್ಲವೇ? ಕೋರ್ಟಿನಲ್ಲಿ ನಿಲ್ಲುವಂಥ ದಾರಿಗಳೂ ಇವೆ. ಸರ್ಕಾರದ ಜಮೀನು ಪಡೆದವನಿಗೆ, ತೆರಿಗೆ ವಿನಾಯಿತಿ ಪಡೆದವನಿಗೆ, ಅಗ್ಗದ ನೀರು ವಿದ್ಯುತ್ ಪಡೆದವನಿಗೆ ಷರತ್ತು ಹಾಕಿ. ಷರತ್ತು ಮುರಿದರೆ ಕೊಟ್ಟದ್ದನ್ನು ವಾಪಸು ಪಡೆಯಿರಿ. ಇದನ್ನು ಹೇಳಲು ಹೊಸ ಪಂಡಿತರು ಬೇಕಿಲ್ಲ. ಮಹಿಷಿ ಸಮಿತಿ 1986ರಲ್ಲೇ 58 ಶಿಫಾರಸುಗಳ ವರದಿ ಕೊಟ್ಟಿದೆ. ಆ ವರದಿ ಬಂದ ವರ್ಷ ಹುಟ್ಟಿದ ಕೂಸಿಗೆ ಈಗ ಕೂದಲು ನೆರೆಯುತ್ತಿದೆ!

ಕೆಲಸ ಸಿಗದ ಪದವೀಧರನಿಗೆ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ಯುವನಿಧಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಅದಕ್ಕೆ ಚಾಲನೆ ಕೊಟ್ಟರು. ಬೇಡ ಎನ್ನುವುದಿಲ್ಲ. ಆದರೆ ಕೆಲಸ ಕೊಡಿ ಎಂದರೆ ಮಸೂದೆಗೆ ಬೀಗ, ಕೆಲಸವಿಲ್ಲ ಎಂದರೆ ಕೈಗೆ ಮೂರು ಸಾವಿರ. ಇದು ಯಾವ ನ್ಯಾಯ?

ಸರ್ಕಾರಿ ಕೆಲಸವಾದರೂ ಸಿಕ್ಕೀತೇ ಎಂದು ಕೆಪಿಎಸ್‌ಸಿ ಕಡೆ ನೋಡಿದರೆ ಅಲ್ಲಿಯೂ ಕನ್ನಡಕ್ಕೇ ಏಟು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕನ್ನಡಿಗನಿಗೇ ಅರ್ಥವಾಗದಂತಿತ್ತು. ಗಲಾಟೆಯಾಯಿತು, ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅದರಲ್ಲೂ ತಪ್ಪುಗಳು! ಇಂಗ್ಲಿಷಿನಲ್ಲಿ ಓದಿದವನು ಉತ್ತರ ಬರೆದು ಎದ್ದುಹೋದ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಬಾಡಿಗೆ ಕೋಣೆಯಲ್ಲಿ ಅನ್ನ ಸಾರು ಬೇಯಿಸಿಕೊಂಡು ವರ್ಷಗಟ್ಟಲೆ ತಯಾರಾದವನು ಪ್ರಶ್ನೆಯನ್ನೇ ಬಿಡಿಸಲಾಗದೆ ಕೂತ. ಕರ್ನಾಟಕ ಲೋಕಸೇವಾ ಆಯೋಗದಲ್ಲಿ ಕನ್ನಡವೇ ಅನುವಾದದ ಭಾಷೆಯಾದರೆ ಮೂಲ ಭಾಷೆ ಯಾವುದು ಸ್ವಾಮಿ?

ಆ ಕಡೆಯವರು ಏನು ಸಾಚಾ?

ಇದನ್ನು ಓದಿ ಬಿಜೆಪಿಯವರು ಮೀಸೆಯ ಮೇಲೆ ಕೈ ಹಾಕುವುದು ಬೇಡ. ಅವರ ಕಾಲದ 2020-25ರ ಕೈಗಾರಿಕಾ ನೀತಿಯಲ್ಲೂ ಕನ್ನಡಿಗರಿಗೆ ಶೇ. 70 ಎಂದು ಬರೆದಿತ್ತು. ಪುಸ್ತಕದ ಬದನೆಕಾಯಿ! ಚುನಾವಣೆ ಬಾಗಿಲಿಗೆ ಬಂದಾಗ, 2023ರ ಫೆಬ್ರವರಿಯಲ್ಲಿ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಮಸೂದೆಗೆ ಸದನದ ಒಪ್ಪಿಗೆ ಪಡೆದರು. ಅಲ್ಲಿಯವರೆಗೆ ಏನು ಮಾಡುತ್ತಿದ್ದರು?

ಬಹುಮತ ಹೆಚ್ಚಿಸುವ ಇನ್ನೊಂದು ವಿದ್ಯೆಯನ್ನು ನಾಡಿಗೆ ಕಲಿಸಿದ ಕೀರ್ತಿಯೂ ಅವರದೇ. 2008ರಲ್ಲಿ 110 ಬಂತು, ಮೂರು ಕಡಿಮೆ. ಎದುರು ಪಕ್ಷದ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಕಮಲ ಹಿಡಿದರು. 2019ರಲ್ಲಿ 17 ಜನ ಹೊರಬಂದರು, ಮುಂಬಯಿಯ ಹೋಟೆಲಿನಲ್ಲಿ ಠಿಕಾಣಿ ಹೂಡಿದರು. ಆ ಡಿಸೆಂಬರ್‌ನ 15 ಉಪಚುನಾವಣೆಗಳಲ್ಲಿ 12 ಗೆದ್ದು ಬಹುಮತ ಮಾಡಿಕೊಂಡರು. ಜನ ಕೊಡದ ಬಹುಮತವನ್ನು ಸಂತೆಯಲ್ಲಿ ಕೊಳ್ಳುವುದಾದರೆ ಮತದಾರ ಯಾಕೆ ಬೇಕು? ಜೆಡಿಎಸ್‌ನ ಪ್ರಾದೇಶಿಕ ಪಕ್ಷವೆಂಬ ಬಣ್ಣದ ಮಾತನ್ನು ಹೇಳುವುದೇ ಬೇಡ. ಪ್ರಾದೇಶಿಕ ಪಕ್ಷದ ಹೆಸರು ಹೇಳಿಕೊಂಡು ದಿಲ್ಲಿಯ ಎರಡು ಪಕ್ಷಗಳ ಮನೆಗೂ ಸರದಿಯಂತೆ ಹೋಗಿ ಬಂದವರು ಅವರು.

ಪಕ್ಷ ಕಟ್ಟಿದ ದೊಡ್ಡವರ ಗತಿಯೂ ಗೊತ್ತಿದೆ. 1994ರಲ್ಲಿ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ಸಿಗೆ 10. 2013ರಲ್ಲಿ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷಕ್ಕೆ 6. ಹೆಸರಿನಲ್ಲಿ ಕರ್ನಾಟಕ ಇತ್ತು, ಹೊಟ್ಟೆಯೊಳಗೆ ಸ್ವಂತ ಸಿಟ್ಟು ಇತ್ತು. ಸಿಟ್ಟು ಇಳಿದ ಮೇಲೆ ಇಬ್ಬರೂ ಬಿಟ್ಟುಬಂದ ಮನೆಗೇ ಮರಳಿದರು.

ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳೋಣ

ಗೆಳೆಯರೇ, ಈಗ ಕಹಿ ಮಾತು. ನಿಮಗೇ, ನಮಗೇ.

2023ರಲ್ಲಿ ರಾಜ್ಯದಲ್ಲಿ ಮತ ಹಾಕಿದವರು ನೂರಕ್ಕೆ 73ಕ್ಕೂ ಹೆಚ್ಚು. ಬೆಂಗಳೂರಿನಲ್ಲಿ? 55ರ ಆಸುಪಾಸು! ಬಿಸಿಲಲ್ಲಿ ಹೊಲದಿಂದ ನಡೆದು ಬಂದು ಹಳ್ಳಿಯ ಅಜ್ಜಿ ಮತ ಹಾಕಿದಳು. ಬೆಂಗಳೂರಿನ ಅರ್ಧದಷ್ಟು ಜನ ರಜೆ ಸಿಕ್ಕಿತೆಂದು ಕಾಲು ಚಾಚಿ ಮಲಗಿದರು, ಇಲ್ಲವೇ ಊರು ಬಿಟ್ಟು ಹೋದರು. ಸಂಜೆ ಟೀವಿ ಮುಂದೆ ಕೂತು ರಾಜಕಾರಣಿಗಳನ್ನು ಬೈದರು.

ಜಯನಗರದಲ್ಲಿ ಆ ಸಲ ಗೆದ್ದವರ ಅಂತರ ಎಷ್ಟು ಗೊತ್ತೇ? 16 ಮತ! ಒಂದು ಟೆಂಪೊ ಟ್ರಾವೆಲರ್‌ನಲ್ಲಿ ಹಿಡಿಸುವಷ್ಟು ಜನ. ಗಾಂಧಿನಗರದಲ್ಲಿ 105. ಒಂದು ಮದುವೆಯ ಎರಡು ಪಂಕ್ತಿ ಊಟ. ಇನ್ನೂ ಹಿಂದಕ್ಕೆ ಹೋಗಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಸೋಲು ಗೆಲುವಿನ ನಡುವೆ ಇದ್ದದ್ದು ಒಂದೇ ಒಂದು ಮತ! ನನ್ನ ಒಂದು ಮತದಿಂದ ಏನಾಗುತ್ತದೆ ಎನ್ನುವವರನ್ನು ಸಂತೇಮರಹಳ್ಳಿಗೆ ಕರೆದುಕೊಂಡು ಹೋಗಬೇಕು.

ನಮ್ಮ ಸಂಘಟನೆಗಳೂ ತಪ್ಪು ಮಾಡಿವೆ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುತ್ತೇವೆ, ಮತದಾರರ ಪಟ್ಟಿ ತೆರೆದು ನೋಡುವುದಿಲ್ಲ. ಶಾಸಕ ಕೊಟ್ಟ ಪೆಂಡಾಲಿನ ಕೆಳಗೆ ನಿಂತು ಅವನನ್ನೇ ಪ್ರಶ್ನಿಸುವುದು ಹೇಗೆ? ಬಸ್ಸಿಗೆ ಕಲ್ಲು ಹೊಡೆದರೆ ಒಡೆಯುವುದು ಕನ್ನಡಿಗನ ತೆರಿಗೆಯ ಗಾಜು. ಬೇರೆ ಊರಿನಿಂದ ಹೊಟ್ಟೆಪಾಡಿಗೆ ಬಂದ ಕೂಲಿಯವನ ಮೇಲೆ ಕೈ ಎತ್ತುವುದು ಪೌರುಷವಲ್ಲ. ಇಲ್ಲಿ ಬಂದು ಬಾಳಿ ಕನ್ನಡ ಕಲಿತವನು ನಮ್ಮವನೇ. ನಮ್ಮ ಜಗಳ ವಿಧಾನಸೌಧದ ಮೂರನೇ ಮಹಡಿಯ ಜೊತೆ.

ಒತ್ತಡ ಹಾಕಿದರೆ ಕೆಲಸವಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2023ರ ಡಿಸೆಂಬರ್ 27ರಂದು ನಾಮಫಲಕದ ವಿಷಯಕ್ಕೆ ಕನ್ನಡಿಗರು ಬೀದಿಗಿಳಿದರು. ಸರ್ಕಾರ ಸುಗ್ರೀವಾಜ್ಞೆ ಕಳಿಸಿತು, ರಾಜ್ಯಪಾಲರು ವಾಪಸು ಕಳಿಸಿದರು. 2024ರ ಫೆಬ್ರವರಿಯಲ್ಲಿ ಸದನದಲ್ಲೇ ಶೇ. 60 ಕನ್ನಡದ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿತು. ಬೋರ್ಡಿನಲ್ಲಿ ಕನ್ನಡ ಬಂತು, ಸಂತೋಷ. ಆ ಬೋರ್ಡಿನ ಕೆಳಗೆ ಒಳಗಿನ ಕುರ್ಚಿಯಲ್ಲಿ ಕನ್ನಡಿಗ ಕೂತಿದ್ದಾನೆಯೇ? ಅದು ಬೀದಿಯಲ್ಲಿ ಮಾತ್ರ ಆಗುವ ಕೆಲಸವಲ್ಲ. ಮತಗಟ್ಟೆಯಲ್ಲಿ ಆಗಬೇಕು.

ಹಾಗಾದರೆ ಏನು ಮಾಡಬೇಕು?

ಮೊದಲು ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಊರಿನಲ್ಲಿ ಹೆಸರಿಟ್ಟುಕೊಂಡು ಬೆಂಗಳೂರಿನಲ್ಲಿ ಬಾಳುವ ಲಕ್ಷಾಂತರ ಹುಡುಗ ಹುಡುಗಿಯರಿದ್ದೀರಿ. ಬೆಂಗಳೂರಿನ 28 ಕ್ಷೇತ್ರಗಳಲ್ಲಿ ನೀವು ಲೆಕ್ಕಕ್ಕಿಲ್ಲ. ಊರಿಗೆ ಹೋಗಿ ಮತ ಹಾಕುವವರು ತಪ್ಪದೆ ಹೋಗಿ. ಇಲ್ಲೇ ನೆಲೆಸಿದವರು ಫಾರಂ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಿ. ಈಗ ತಾನೇ 18 ತುಂಬಿದ ತಮ್ಮ ತಂಗಿಯರು ಫಾರಂ 6 ತುಂಬಿ. ಮೊದಲಿನಂತೆ ಜನವರಿ ಒಂದನೇ ತಾರೀಖನ್ನೇ ಕಾಯಬೇಕಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ ಒಂದಕ್ಕೂ ಅವಕಾಶವಿದೆ. ಇಪ್ಪತ್ತು ನಿಮಿಷದ ಕೆಲಸ. ನಿಮ್ಮ ಬೀದಿಯಲ್ಲಿ ಇಪ್ಪತ್ತು ಜನರ ಕೈಲಿ ಮಾಡಿಸಿದರೆ ಜಯನಗರದ ಅಂತರ ದಾಟಿದಿರಿ!

ಎರಡನೆಯದು, ಮತ ಕೇಳಲು ಬಂದವನ ಮುಂದೆ ಮೂರು ಪ್ರಶ್ನೆ ಇಡಿ. ಉದ್ಯೋಗ ಮಸೂದೆಯನ್ನು ಕೋರ್ಟಿನಲ್ಲಿ ನಿಲ್ಲುವಂತೆ ಬರೆದು ಗೆದ್ದ ಎಷ್ಟು ತಿಂಗಳಲ್ಲಿ ತರುತ್ತೀರಿ? ಕೆಪಿಎಸ್‌ಸಿ ಪ್ರಶ್ನೆಪತ್ರಿಕೆಯನ್ನು ಮೊದಲು ಕನ್ನಡದಲ್ಲಿ ಬರೆಸುತ್ತೀರೋ ಇಲ್ಲವೋ? 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಎರಡು ಭಾಷೆ ಸಾಕು ಎಂದು ಶಿಫಾರಸು ಮಾಡಿದೆ, ಅದಕ್ಕೆ ನಿಮ್ಮ ಪಕ್ಷದ ಒಪ್ಪಿಗೆ ಇದೆಯೇ? ಬಾಯಿಮಾತು ಬೇಡ, ಸಹಿ ಹಾಕಿದ ಕಾಗದ ಕೊಡಲಿ. ಕೊಟ್ಟವನ ಹೆಸರನ್ನೂ, ನುಣುಚಿಕೊಂಡವನ ಹೆಸರನ್ನೂ ಬೀದಿಯ ಮೂಲೆಯಲ್ಲಿ ಅಂಟಿಸಿ. ಯಾವ ಪಕ್ಷ, ಯಾವ ಜಾತಿ ಎಂದು ಕೇಳಬೇಡಿ. ಕಾಗದ ಎಲ್ಲಿ ಎಂದು ಕೇಳಿ.

ಮೂರನೆಯದು, ಪಾಲಿಕೆ ಚುನಾವಣೆಯನ್ನು ಸಣ್ಣದೆಂದು ತಿಳಿಯಬೇಡಿ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025 ಕಳೆದರೂ ಚುನಾವಣೆ ನಡೆಸಲಿಲ್ಲ. ಊರನ್ನು ಐದು ಪಾಲಿಕೆಗಳಾಗಿ ಒಡೆಯುವಾಗ ನಮ್ಮನ್ನು ಯಾರೂ ಕೇಳಲಿಲ್ಲ. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಅಧಿಕಾರಿಯೇ ದೊರೆ. ವಾರ್ಡಿನಲ್ಲಿ ಎಣಿಕೆಗೆ ಸಿಗದವನು ವಿಧಾನಸಭೆಯಲ್ಲಿ ಸಿಗುವುದು ಕನಸಿನ ಮಾತು.

150 ಬೇಕೆನ್ನುವವರಿಗೆ ನಾವು ಹೇಳುವುದು ಇಷ್ಟೇ. ತೆಗೆದುಕೊಳ್ಳಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. 1985ರಲ್ಲಿ ಕೊಟ್ಟ ಜನವೇ ನಾವು. ಆದರೆ 178 ಕೊಟ್ಟು 34ಕ್ಕೆ ಇಳಿಸಿದವರೂ ನಾವೇ. ಮಸೂದೆ ಮುಂದಿಡಿ, ಮತ ಕೇಳಿ. ನವೆಂಬರ್‌ನ ಶಾಲು ತೋರಿಸಿ ಮೇ ತಿಂಗಳ ಮತ ಕೇಳುವ ಕಾಲ ಮುಗಿಯಿತು.

ಗೆಳೆಯರೇ, ಅಳುವ ಮಗುವಿಗೇ ಹಾಲು. ನಾವು ಅತ್ತದ್ದು ಸಾಕು, ಈಗ ಎಣಿಕೆಗೆ ನಿಲ್ಲೋಣ. ನೂರಕ್ಕೆ ಐದು ಜನ. ನಿಮ್ಮ ಬೀದಿಯಲ್ಲಿ ಆ ಐದು ಜನ ಯಾರು ಎಂದು ಇವತ್ತು ಸಂಜೆಯೇ ಪಟ್ಟಿ ಮಾಡಿ. ಮೊದಲ ಹೆಸರು ನಿಮ್ಮದಿರಲಿ.

ಸಿರಿಗನ್ನಡಂ ಗೆಲ್ಗೆ!